ಈಶಮ್ಮನ ಬಚ್ಚಲು

ತಾಂಡೂರಿನಲ್ಲಿ ಕಲ್ಲಿಗೆ ಬರ ಬರಬೇಕಾದರೆ ಮೊದಲು ಭೂಮಿಯೇ ಮುಗಿಯಬೇಕು. ನೆಲಕ್ಕೆ ಫರಸಿ ಕಲ್ಲು, ಮಾಳಿಗೆಗೆ ಫರಸಿ ಕಲ್ಲು. ಕೆಲವು ಮನೆಗಳ ರೊಟ್ಟಿಯೂ ಅದೇ ಗಣಿಯದೆಂದು ಹಲ್ಲು ಕಳೆದುಕೊಂಡವರು ಹೇಳುತ್ತಿದ್ದರು. ಅಂಥ ಊರಿನಲ್ಲಿ ಈಶಮ್ಮನಿಗೆ ಒಂದು ಬಚ್ಚಲು ಕಟ್ಟಿಸಿಕೊಳ್ಳಲು ಆಗಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ಹತ್ತು ವರ್ಷಗಳ ಮಾತು. ಗಂಡ ತೀರಿಕೊಂಡ ಮೇಲೆ ಈಶಮ್ಮ ಸಾಹುಕಾರರ ತೊಗರಿ ಒಡೆದು ಬೇಳೆ ಮಾಡಿಕೊಟ್ಟು ಬದುಕಿದವಳು. ಅವಳು ಒಡೆದ ಕಾಳನ್ನು ಸಾಲಾಗಿ ಇಟ್ಟಿದ್ದರೆ ಹೈದರಾಬಾದು ಮುಟ್ಟಿ, ಚಾರಮಿನಾರಿಗೊಂದು ಸುತ್ತು ಹಾಕಿ, ವಾಪಸು ಮನೆಗೆ ಬಂದು ಮೊರದಲ್ಲಿ ಕೂರುತ್ತಿತ್ತು. ಇದ್ದೊಬ್ಬ ಮಗಳು ಸುಂದರಬಾಯಿಯನ್ನು ಪೆದ್ದೆಮುಲ್ಲಿಗೆ ಕೊಟ್ಟಿದ್ದಳು. ಮಗಳಿಗೆ ಬಸಿರಾಗಿ ಐದು ತಿಂಗಳಾಯಿತು. ಚೊಚ್ಚಲ ಬಾಣಂತನ ತವರಿನದು. ಬೀಗಿತಿ ಗುರುಲಿಂಗಮ್ಮ ಅದಕ್ಕೆ ಮುಂಚೆ ಮನೆ ನೋಡಲು ಬಂದಳು. ಹಿತ್ತಲಿನಲ್ಲಿ ಇದ್ದದ್ದು ಒಂದು ಹಾಸುಗಲ್ಲು, ಮರೆಗೆ ನಿಲ್ಲಿಸಿದ ಹೊರಸು, ಅದರ ಮೇಲೊಂದು ಹಳೇ ಸೀರೆ.

“ಇಲ್ಲಿ ಬಾಣಂತಿಗಿ ನೀರ್ ಹಾಕ್ತೀರೇನ್ರಿ? ಸುತ್ತ ಗ್ವಾಡಿ ಆಗ್ಲಿ, ಮ್ಯಾಲ ಮಾಳಗಿ ಆಗ್ಲಿ. ಆಮ್ಯಾಲ ಕಳಸ್ತೀನಿ.”

“ಒಂದ್ ತಿಂಗಳದಾಗ ಕಟ್ಟಸ್ತೀನ್ರಿ,” ಎಂದಳು ಈಶಮ್ಮ.

ಕಟ್ಟಲು ಕಚೇರಿಯ ಪರವಾನಗಿ ಬೇಕು. ಕಾಯ್ದೆಯ ಪ್ರಕಾರ ಹಿತ್ತಲಲ್ಲಿ ಏನು ಕಟ್ಟಿದರೂ ನೆರೆಯವರ ಗಡಿಯಿಂದ ಮೂರು ಮೊಳ ಬಿಡಬೇಕು. ಈಶಮ್ಮನ ಹಿತ್ತಲಿನ ಅಗಲವೇ ಐದು ಮೊಳ. ಉಳಿದ ಎರಡು ಮೊಳದಲ್ಲಿ ಒಂದು ಮೇಕೆ ಜಳಕ ಮಾಡಬಹುದು, ಅದೂ ಬಾಲ ಹೊರಗಿಟ್ಟು. ನೆರೆಯವನು ಒಪ್ಪಿದರೆ ರಿಯಾಯಿತಿ ಉಂಟು ಎಂದರು. ನೆರೆಯವನು ನರಸಿಂಹುಲು.

“ನಿಮ್ಮ ಮಗಳು ನನ್ನ ಮಗಳಿದ್ದಂಗ, ಅಕ್ಕಾ. ಆದ್ರ ಈ ಗ್ವಾಡಿ ನಮ್ಮಪ್ಪ ಕಟ್ಟಿದ್ದು, ಮಣ್ಣಿಂದು. ಬಾಣಂತಿ ನೀರಂದ್ರ ದಿನಾ ಹತ್ತು ಹಂಡೆ. ಬಿದ್ದ್ ಹೋಗ್ತದ.”

“ನೀರು ಈ ಕಡಿ ತಿರುವ್ತೀನಪ್ಪಾ.”

“ನೀರು ನಿಮ್ಮ ಮಾತು ಕೇಳ್ತದೇನು?”

ಈಶಮ್ಮ ಎರಡು ತಿಂಗಳು ಕಚೇರಿಗೆ ಎಡತಾಕಿದಳು. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬಸವನಹುಳು ಪೆದ್ದೆಮುಲ್ಲಿಗೆ ಹೋಗಿ ಸುಂದರಬಾಯಿಯ ಕ್ಷೇಮ ವಿಚಾರಿಸಿಕೊಂಡು ಬರಬಹುದಿತ್ತು. ಕೊನೆಗೆ ಕಚೇರಿ ಮುಂದಿನ ಬೇವಿನ ಕೆಳಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುವ ಆತ್ಮಾರಾಮ ಅವಳನ್ನು ಕರೆದ.

“ಈಶಮ್ಮಾ, ಬಚ್ಚಲಂದ್ರ ಮೂರು ಮೊಳ. ಗದ್ದಿಗಿ ಅಂದ್ರ ಯಾರ್ ಅಳೀತಾರ? ಹಿತ್ತಲದಾಗ ಹಿರೇರ ಸಮಾಧಿ ಅದ, ನೆರಳು ಮಾಡ್ತೀನಿ ಅಂತ ಬರೀತೀನಿ. ಗ್ವಾಡಿ ಎದ್ದ ಮ್ಯಾಲ ಒಳಗ ಲಿಂಗ ಅದನೋ ಹಂಡೆ ಅದನೋ, ಯಾಂವ ಬಗ್ಗಿ ನೋಡ್ತಾನ?”

“ನಮ್ಮ ಹಿರೇರೆಲ್ಲಾ ಹೊಲದಾಗ ಮಣ್ಣಾಗ್ಯಾರ್ರಿ.”

“ಒಬ್ಬರನ್ನ ಹಿತ್ತಲಕ್ಕ ಕರಕೊಂಡ್ ಬಾ.”

ಈಶಮ್ಮ ಹೆಬ್ಬೆಟ್ಟು ಒತ್ತಿದಳು. ಹಾಸುಗಲ್ಲಿನ ಮೇಲೆ ಇನ್ನೆರಡು ಕಲ್ಲು ಏರಿಸಿ, ವಿಭೂತಿ ಬಳಿದು, ಒಂದು ಬಿಲ್ವಪತ್ರೆ ಇಟ್ಟಳು. ಅಳೆಯಲು ಬಂದ ಅಮೀನ ಸಾಹೇಬರು ಹಿತ್ತಲ ಬಾಗಿಲಲ್ಲಿ ಬೂಟು ಬಿಚ್ಚಿದರು, ಹಣೆಗೆ ಕೈ ಮುಟ್ಟಿಸಿದರು. ಅಳತೆಯ ಸರಪಳಿ ಜವಾನನ ಕಂಕುಳಲ್ಲೇ ಉಳಿಯಿತು. ಎಂಟನೆಯ ದಿನಕ್ಕೆ ಹುಕುಂ ಬಂತು: ಗಡಿಯವರೆಗೂ ಕಟ್ಟಬಹುದು. ಕೊನೆಯ ಸಾಲನ್ನು ಆತ್ಮಾರಾಮ ಮೆಲ್ಲಗೆ ಓದಿದ.

“ಈ ಪವಿತ್ರ ಜಾಗದಾಗ ಜಳಕ ಮಾಡೋದು, ಭಾಂಡಿ ತೊಳೆಯೋದು ಮನಾ ಅದ.”

“ಅದೊಂದು ಸಾಲು ತೆಗಸ್ರಿ.”

“ಸರ್ಕಾರದ ಮೊಹರು ಅದ, ಅವ್ವಾ.”

“ಹಂಗಾದ್ರ ಸುಳ್ಳು ಬರಸೀನಿ ಅಂತ ನಾನೇ ಹೋಗಿ ಹೇಳ್ತೀನಿ.”

“ಹೇಳು. ಹೆಬ್ಬೆಟ್ಟು ನಿಂದು, ಅಕ್ಷರ ನಂದು. ಇಬ್ರೂ ಕೂಡೇ ಜೇಲಿಗಿ ಹೋಗಮು.”

ನಿಷೇಧ ಇದ್ದರೇನು, ಬಾಗಿಲು ಹಾಕಿಕೊಂಡರೆ ಯಾರಿಗೆ ಕಾಣುತ್ತದೆ ಎಂದು ಈಶಮ್ಮ ಕಟ್ಟಿಸಿಯೇಬಿಟ್ಟಳು. ಸುತ್ತ ಗೋಡೆ, ಮೇಲೆ ಫರಸಿ. ಹಂಡೆಯನ್ನೂ ಬೆಳಗಿಟ್ಟಳು. ಅಮೀನ ಸಾಹೇಬರು ಬೂಟು ಬಿಚ್ಚಿದ ಸುದ್ದಿ ಅಷ್ಟರಲ್ಲಿ ಓಣಿ ಮುಟ್ಟಿತ್ತು. ಸೋಮವಾರ ಬಂತು. ಮೊದಲ ತೆಂಗಿನಕಾಯಿ ಒಡೆದವನು ನರಸಿಂಹುಲು.

“ಇಷ್ಟು ದಿನ ಯಾಕ ಹೇಳ್ಲಿಲ್ಲಕ್ಕಾ? ನಮ್ಮಪ್ಪನ ಗ್ವಾಡಿ ಪುಣ್ಯಾ ಮಾಡಿತ್ತು!”

ಮೂರನೆಯ ಸೋಮವಾರಕ್ಕೆ ಇಡೀ ಓಣಿ ಬಂತು. ಅಂದು ಹರಿದ ಕಾಯಿನೀರಿನಲ್ಲಿ ಹತ್ತು ಬಾಣಂತಿಯರಿಗೆ ಎರೆಯಬಹುದಿತ್ತು. ಅದೆಲ್ಲ ನರಸಿಂಹುಲುವಿನ ಗೋಡೆಯ ಬುಡಕ್ಕೇ ಹೋಯಿತು. ಗೋಡೆ ಬೀಳಲಿಲ್ಲ.

ಎಂಟನೆಯ ತಿಂಗಳಲ್ಲಿ ಗುರುಲಿಂಗಮ್ಮ ಮತ್ತೆ ಬಂದಳು. ಕಲ್ಲಿಗೆ ಹಣೆ ಹಚ್ಚಿ ಎದ್ದಳು.

“ಪುಣ್ಯವಂತರ ಮನಿ ನಿಮ್ಮದು. ಬಚ್ಚಲ ಎಲ್ಲದರಿ?”

“ಇದೇ... ಇದರೊಳಗೇ...”

“ಹಿರೇರ ತಲಿ ಮ್ಯಾಲ ಬಾಣಂತಿ ನೀರು ಹಾಕಾಕ ಆಗ್ತದೇನ್ರಿ? ಛೀ!”

ಈಶಮ್ಮ ನಿಜ ಹೇಳಲೆಂದೇ ಬಾಯಿ ತೆರೆದಳು. ಬಾಗಿಲಲ್ಲಿ ನರಸಿಂಹುಲು ಹೂವು ಹಿಡಿದು ನಿಂತಿದ್ದ. ಅವನ ಹಿಂದೆ ನಾಲ್ಕು ಮಂದಿ ಹೆಂಗಸರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಸುಂದರಬಾಯಿ ಪೆದ್ದೆಮುಲ್ಲಿನಲ್ಲೇ ಹಡೆದಳು. ತಲೆಗೆ ಎಣ್ಣೆ ಒತ್ತಿದ್ದು, ನೀರು ಹಾಕಿದ್ದು, ಕೂಸಿಗೆ ಹೊಗೆ ಕೊಟ್ಟದ್ದು ಎಲ್ಲ ಅತ್ತೆಯ ಕೈ. ಐದು ತಿಂಗಳ ಕೂಸನ್ನೆತ್ತಿಕೊಂಡು ಒಂದೇ ದಿನದ ಮಟ್ಟಿಗೆ ತವರಿಗೆ ಬಂದಳು. ಅಷ್ಟರಲ್ಲಿ ಈಶಮ್ಮ ತಾನೂ ಹಿತ್ತಲು ಬಿಟ್ಟು, ಮುಂದಿನ ಅಂಗಳದಲ್ಲಿ ಹೊರಸಿನ ಮರೆಗೆ ಮೀಯುತ್ತಿದ್ದಳು.

ಮಗಳು ಕೂಸನ್ನು ಕಲ್ಲಿನ ಮುಂದೆ ಮಲಗಿಸಿ ಕೈಮುಗಿದಳು.

“ಅವ್ವಾ, ನಾ ಇದ್ದಾಗ ಇದು ಇರ್ಲಿಲ್ಲಲ್ಲ? ಯಾರ ಗದ್ದಿಗಿ?”

ಈಶಮ್ಮ ಕಲ್ಲಿನ ಮೇಲಿನ ಬಾಡಿದ ಹೂವು ತೆಗೆದಳು.

“ನಿನ್ನ ಬಾಣಂತನದ್ದವ್ವಾ.”