ಮೊಮ್ಮಗಳ ತಲೆ ಇಡುವ ಜಾಗದಲ್ಲಿ ಕುರು

ಕುರು ಏಳುವುದಕ್ಕೆ ಮೈಮೇಲೆ ಬೇಕಾದಷ್ಟು ಜಾಗವಿತ್ತು. ಬೆನ್ನಿತ್ತು, ತೊಡೆಯಿತ್ತು. ಅದೆಲ್ಲ ಬಿಟ್ಟು ಅದು ಎದ್ದದ್ದು ನನ್ನ ಎಡಮೊಣಕೈಯ ಒಳಮಗ್ಗುಲಲ್ಲಿ, ಮೊಮ್ಮಗಳನ್ನು ಎತ್ತಿಕೊಂಡರೆ ಅವಳ ತಲೆ ಬರುವ ಜಾಗದಲ್ಲೇ.

ಮಗಳು ಬಾಣಂತನಕ್ಕೆ ಹೊಸದುರ್ಗದ ನಮ್ಮ ಮನೆಗೆ ಬಂದಿದ್ದಳು. ಮೊದಲ ಮೊಮ್ಮಗು. ಅದಕ್ಕೆ ನೀರು ಹಾಕುವ ಕೆಲಸ ನನ್ನದು ಎಂದು ಅದು ಹುಟ್ಟುವ ಮೊದಲೇ ಸಾರಿಬಿಟ್ಟಿದ್ದೆ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ಎರೆಯುವ ಸುಖವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಹೊಳಲ್ಕೆರೆಯ ಬೀಗಿತ್ತಿ, ಅಂದರೆ ಅಳಿಯನ ತಾಯಿ, "ನಾನೂ ಬರ್ಲೇನ್ರಿ?" ಎಂದು ಫೋನ್ ಮಾಡಿದಾಗಲೆಲ್ಲ "ನಿಮಗ್ಯಾಕ್ರಿ ತೊಂದ್ರೆ, ನಾಮಕರಣಕ್ಕೇ ಬರ್ರಿ" ಎಂದು ಜಾರಿಸುತ್ತಿದ್ದೆ.

ಕುರು ಎದ್ದಾಗ ಉಷ್ಣ ಎಂದುಕೊಂಡೆ. ನಮ್ಮ ಕಡೆ ಮೈಮೇಲೆ ಏನೆದ್ದರೂ ಉಷ್ಣವೇ. ಮಜ್ಜಿಗೆ ಕುಡಿದೆ, ಈರುಳ್ಳಿ ಸುಟ್ಟು ಕಟ್ಟಿದೆ, ಉದ್ದ ತೋಳಿನ ರವಿಕೆ ತೊಟ್ಟು ಮುಚ್ಚಿಟ್ಟೆ. ಕುರು ಮಾತ್ರ ನಿಂಬೆಹಣ್ಣಿನಷ್ಟಾಯಿತು. ಬಚ್ಚಲಲ್ಲಿ ಅದನ್ನು ಹಿಂಡಲು ಹೋಗಿ ನಾನು ಕೂಗಿದ ಕೂಗಿಗೆ ಬಾಣಂತಿಯೇ ಎದ್ದು ಓಡಿಬಂದಳು. ಗುಟ್ಟು ರಟ್ಟಾಯಿತು.

"ಅವ್ವಾ, ಇದನ್ನಿಟ್ಕಂಡು ಕೂಸು ಎತ್ಕಂತಿದ್ದೇನು? ಮೊದ್ಲು ಡಾಕ್ಟ್ರತ್ರ ಹೋಗು" ಎಂದು ಗದರಿದಳು. ಯಜಮಾನರು ಬೈಕ್ ತೆಗೆದರು.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಶುಗರ್ ನೋಡಿಸಿದರು, ಪುಣ್ಯಕ್ಕೆ ಸರಿಯಾಗಿತ್ತು. ಆಮೇಲೆ ಕುರು ಕೊಯ್ದು ಕೀವು ತೆಗೆದು ಪಟ್ಟಿ ಕಟ್ಟಿದರು. ನನಗೆ ಹಗಲಲ್ಲೇ ನಕ್ಷತ್ರ ಕಂಡವು.

"ಇದು ಉಷ್ಣ ಅಲ್ಲಮ್ಮಾ, ಬ್ಯಾಕ್ಟೀರಿಯಾದಿಂದ ಬರೋದು. ಹಿಂಡಿದ್ರೆ ಇನ್ನೂ ಒಳಗಿಳಿಯುತ್ತೆ, ಕೀವು ತಾಗಿದ್ರೆ ಇನ್ನೊಬ್ರಿಗೂ ಹತ್ತುತ್ತೆ. ಮೊದ್ಲೇ ಬಿಸಿನೀರಲ್ಲಿ ಬಟ್ಟೆ ಅದ್ದಿ ಕಾವು ಕೊಟ್ಟಿದ್ರೆ ತಾನೇ ಒಡೀತಿತ್ತೇನೋ. ನಿಮ್ಮ ಟವೆಲ್ಲು ಬೇರೆ ಇಟ್ಕಳ್ರಿ, ಕೈಗೆ ಸೋಪು ಹಾಕ್ತಾನೇ ಇರ್ರಿ. ಮನೇಲಿ ಚಿಕ್ಕ ಮಕ್ಕಳು ಅವೆಯಾ?"

ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಯಜಮಾನರು ಹಲ್ಲು ಕಿರಿದರು. "ಎಳೇ ಕೂಸು ಐತ್ರಿ ಮೇಡಂ, ಮೊಮ್ಮಗಳು."

"ಹಂಗಾದ್ರೆ ಗಾಯ ಮಾಯೋವರೆಗೂ ಕೂಸಿಗೆ ನೀರು ಹಾಕೋದು ಬ್ಯಾಡ, ಎತ್ಕಳೋದೂ ಬ್ಯಾಡ."

ಕುರು ಕೊಯ್ದದ್ದಕ್ಕಿಂತ ಆ ಮಾತು ಹೆಚ್ಚು ಉರಿಯಿತು.

ಬೇರೆ ದಾರಿಯಿಲ್ಲದೆ ಹೊಳಲ್ಕೆರೆಗೆ ಫೋನ್ ಮಾಡಿದೆ. ನನ್ನ ಮಾತು ಮುಗಿಯುವ ಮೊದಲೇ ಬೀಗಿತ್ತಿ "ಹೊಂಟೆ" ಎಂದರು. ಸಿಕ್ಕಿದ ಬಸ್ಸು ಹತ್ತಿ ಬಂದೂಬಿಟ್ಟರು. ಮಾರನೆಯ ದಿನದಿಂದ ಅವರು ಎರೆಯುತ್ತಿದ್ದರೆ ನಾನು ಬಚ್ಚಲ ಬಾಗಿಲಲ್ಲಿ ನಿಂತು ಪುಕ್ಕಟೆ ಸಲಹೆ ಕೊಡುತ್ತಿದ್ದೆ. "ಕಿವಿಗೆ ನೀರು ಹೋಗುತ್ತೆ ನೋಡ್ರಿ." "ಬಿಸಿ ಜಾಸ್ತಿ ಆತೇನೋ." ಎಲ್ಲಕ್ಕೂ ಅವರು "ಹೂಂ ರಿ" ಎನ್ನುತ್ತಿದ್ದರು. ಕೂಸು ಒಂದು ದಿನವಾದರೂ ಕಿರುಚಲಿ ಎಂದು ಕಾದೆ. ಕಿರುಚಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಅದರಲ್ಲಿ ಮುಚ್ಚುಮರೆ ಏನು?

ಕೊನೆಗೂ ಗಾಯ ಮಾಯಿತು. ಡಾಕ್ಟರಮ್ಮ ಕೈ ತಿರುಗಿಸಿ ನೋಡಿ, ಇನ್ನು ಕೂಸನ್ನು ಎತ್ತಿಕೊಳ್ಳಬಹುದು ಎಂದರು. ಸಂಭ್ರಮದಲ್ಲಿ ಮನೆಗೆ ಬಂದರೆ ಬೀಗಿತ್ತಿ ಬ್ಯಾಗಿಗೆ ಸೀರೆ ತುಂಬುತ್ತಿದ್ದರು.

"ಇನ್ಮೇಲೆ ನೀವೇ ನೀರು ಹಾಕ್ರಿ. ಕೂಸಿಗೆ ಹಚ್ಚೋಕೆ ನಾನು ತಂದ ಹೆಸರುಹಿಟ್ಟು ಇನ್ನಾ ಐತೆ" ಎಂದು ಒಂದು ಡಬ್ಬಿ ನನ್ನ ಕೈಗಿತ್ತರು. ತೆರೆದು ನೋಡಿದೆ. ಬಟ್ಟೆಯಲ್ಲಿ ಸೋಸಿದ ನುಣ್ಣನೆಯ ಹಿಟ್ಟು, ಅಂಗಡಿಯದ್ದಲ್ಲ.

"ಫೋನ್ ಮಾಡಿದ ತಕ್ಷಣ ಹೊಂಟು ಬಂದ್ರಲ್ಲ, ಇದನ್ನ ಯಾವಾಗ ಮಾಡಿದ್ರಿ?"

"ಸೀಮಂತ ಆದಾಗ್ಲೇ ಮಾಡಿಟ್ಟಿದ್ದೆ ಕಣ್ರಿ" ಎಂದರು, ಸೀರೆಯ ಮಡಿಕೆ ಸರಿಮಾಡುತ್ತ. "ಕರೀತೀರೇನೋ ಅಂತ."

ಅವರ ಬ್ಯಾಗನ್ನು ಒಯ್ದು ಒಳಕೋಣೆಯಲ್ಲಿಟ್ಟೆ. ಬಚ್ಚಲಿಗೆ ಹೋಗಿ, ಕಾಲು ಚಾಚಿ ಕೂತು, ಅಲ್ಲಿಂದಲೇ ಕೂಗಿದೆ.

"ಕೂಸು ತಗಂಡು ಬರ್ರಿ. ನಾನು ಎಣ್ಣೆ ಹಚ್ತೀನಿ, ನೀವು ನೀರು ಹಾಕ್ರಿ."