ಎಳ್ಳಮಾವಾಸ್ಯೆಯ ದಿನ ಓಡಿದ ಮೋಟಾರು

ನನ್ನ ಮೊಮ್ಮಗಳು ಇಂಜಿನಿಯರಿಂಗ್ ಓದುವಾಗ ಒಂದು ವರ್ಷ ಕಾರ್ಖಾನೆಯಲ್ಲಿದ್ದು ಕೆಲಸ ಕಲಿಯಬೇಕಿತ್ತು. ಆ ವರ್ಷ ಅವಳಿಗೆ ಅವರು ಕಲಿಸಿದ್ದು ಚಹಾದ ತಟ್ಟೆ ಹೊರುವುದನ್ನು. ಹೇಳುವಾಗ ಈಗಲೂ ಮೈ ಉರಿಯುತ್ತದೆ. ಉರಿಯಲಿ. ತಣ್ಣಗಾಗಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ.

ಅದು ಮಳೆ ಕೈಕೊಟ್ಟ ಕಾಲ. ಔರಾದ್ ಕಡೆಯ ನಮ್ಮ ಹಳ್ಳಿಯಲ್ಲಿ ತೊಗರಿ ಮೊಣಕಾಲಿನಷ್ಟೂ ಬೆಳೆಯದೆ ಒಣಗಿತ್ತು. ಮಗ, ಸೊಸೆ ಕಟ್ಟಡದ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದರು. ಓಣಿಯಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಮೊಮ್ಮಗಳು ಭಾಲ್ಕಿಯಲ್ಲಿ ಓದುತ್ತಿದ್ದಳು. ಕಡೆಯ ವರ್ಷಕ್ಕೆ ಕಾಲೇಜಿನವರು ಅವಳನ್ನು ಬೀದರಿನ ಕೊಳಾರದ ಒಂದು ಕಾರ್ಖಾನೆಗೆ ಹಾಕಿದರು. ಹುಡುಗಿ ಒಬ್ಬಳೇ ಹೇಗಿದ್ದಾಳು ಎಂದು ನಾನು ಚಿದ್ರಿಯಲ್ಲಿ ಒಂದು ಖೋಲಿ ಹಿಡಿದು ಅವಳ ಜೊತೆ ಬಂದು ಇದ್ದೆ. ಕೂತು ತಿಂದು ನನಗೆ ಗೊತ್ತಿಲ್ಲ. ಅದೇ ಕಾರ್ಖಾನೆಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ, ಚಹಾ ಕಾಸುವ ಕೆಲಸಕ್ಕೆ ನಿಂತೆ.

ಅಲ್ಲಿ ಬೋರ್‌ವೆಲ್ಲಿನೊಳಗೆ ಇಳಿಸುವ ಮೋಟಾರು ತಯಾರಾಗುತ್ತಿತ್ತು. ಜಿಲ್ಲೆಗೆ ಜಿಲ್ಲೆಯೇ ನೀರಿಗೆ ಬಾಯಿ ಬಿಡುತ್ತಿದ್ದಾಗ ಆ ಕಾರ್ಖಾನೆಗೆ ಉಸಿರಾಡಲು ಪುರಸೊತ್ತಿರಲಿಲ್ಲ. ನೀರು ಕೆಳಗೆ ಹೋದಷ್ಟೂ ಅವರ ಲಾರಿಗಳು ಹೆಚ್ಚು. ಕಾರ್ಖಾನೆಗೂ ನೀರಿರಲಿಲ್ಲ, ಅದು ಬೇರೆ ಮಾತು. ಟ್ಯಾಂಕರ್ ಬಂದರೆ ಉಂಟು.

ಮೊಮ್ಮಗಳಿಗೆ ಕಾಲೇಜು ಇಟ್ಟಿದ್ದ ಷರತ್ತು ಒಂದೇ. ಕಡೆಗೆ ಕಾಲೇಜಿನ ಸರ್ ಬರುತ್ತಾರೆ. ಅವರ ಕಣ್ಣೆದುರು ಅವಳು ತನ್ನ ಕೈಯಾರೆ ಒಂದು ಮೋಟಾರು ಜೋಡಿಸಿ ಓಡಿಸಿ ತೋರಿಸಬೇಕು. ಆಗದಿದ್ದರೆ ಆ ವರ್ಷ ನೀರಿಗೆ ಬಿದ್ದಂತೆ, ಮತ್ತೆ ಮೊದಲಿನಿಂದ. ಮತ್ತೊಂದು ವರ್ಷ ಅವಳ ತಾಯಿ ತಂದೆ ಇಟ್ಟಿಗೆ ಹೊರಬೇಕು.

ಅವಳ ಜೊತೆ ಅದೇ ಕಾಲೇಜಿನ ಇಬ್ಬರು ಹುಡುಗರೂ ಬಂದಿದ್ದರು. ಬಂದ ವಾರವೇ ಅವರನ್ನು ಕೆಲಸದ ಮೇಜಿಗೆ ಹಚ್ಚಿದರು. ಸುಪರ್‌ವೈಸರ್ ಖಟಕ ಚಿಂಚೋಳಿಯವನು. ಅಡುಗೆಮನೆಯ ಕಿಟಕಿಗೆ ಬಂದು ನನ್ನನ್ನು ಕೇಳಿದ:

“ಇಕಿ ನಿನ್ನ ಮೊಮ್ಮಗಳೇನ ಆಯಿ?”

“ಹೌದ್ರಿ.”

“ಛಲೋ ಆತು. ಇನ್ನ ಚಾ ಇಕಿ ಕೈಲಿ ಕಳಸು. ನೀ ಮುದುಕಿ, ಯಾಕ ತಿರಗಾಡಿ ಕಾಲು ನೋಯಿಸ್ಕೋತಿ.”

ಬೈದು ಹೇಳಿದ್ದರೆ ನಾನೂ ಬೈಯುತ್ತಿದ್ದೆ. ಅವನು ಕನಿಕರದಿಂದ ಹೇಳಿದ. ಕನಿಕರ ತೋರಿಸುವವನಿಗೆ ತಿರುಗಿ ಬೀಳುವುದು ಕಷ್ಟ. ಅಂದಿನಿಂದ ಅವಳಿಗೆ ಮುಂಜಾನೆ ಚಹಾ, ಸಂಜೆ ಚಹಾ, ನಡುವೆ ಡಬ್ಬಿಗಳಿಗೆ ಚೀಟಿ ಅಂಟಿಸುವುದು. ಮೋಟಾರಿನ ಹತ್ತಿರ ಹೋದರೆ, “ಕೈ ಹೊಲಸಾಗ್ತಾವ ಮಗಳ, ಸರಿ ಆ ಕಡಿ” ಅನ್ನುತ್ತಿದ್ದ. ಹೊಲಸು ಕೈ ನಮ್ಮ ಮನೆತನಕ್ಕೆ ಹೊಸದೇ?

ಖೋಲಿಗೆ ಬಂದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ.

“ನಿಂಗ ಬಾಯಿ ಇಲ್ಲೇನ? ನಾ ಕೆಲಸಾ ಕಲೀಲಾಕ ಬಂದೀನಿ ಅಂತ ಹೇಳಾಕ ಏನ್ ಬ್ಯಾನಿ?”

“ಹೇಳೀನಿ ಆಯಿ. ನಾಳಿ ನೋಡಮು ಅಂತಾರ.”

“ನಾಳಿ ನಾಳಿ ಅಂತ ವರ್ಷ ಹೋತದ.”

“ಜಗಳಾ ತೆಗದ್ರ ಸರ್ ಬಂದಾಗ ಇಕಿ ಬರಾಬರ್ ಇಲ್ಲ ಅಂತ ಹೇಳ್ತಾರ. ಆಮ್ಯಾಲ ನೀ ಬಂದು ಮೋಟಾರ್ ಜೋಡಿಸ್ತಿಯೇನ?”

ಅವಳ ಮಾತು ಸರಿಯಿತ್ತು. ಅದಕ್ಕೇ ಸಿಟ್ಟು ಇನ್ನೂ ಏರಿತು.

ಮಾಲಕ ಹೈದರಾಬಾದಿನವ, ಸುಪರ್‌ವೈಸರ್ ಅವನ ಬಾಲ. ಅವರನ್ನು ನಾನು ಅಲುಗಿಸಲಾರೆ. ಆದರೆ ರೊಟ್ಟಿ ನನ್ನ ಕೈಯಲ್ಲಿತ್ತು. ಬಿಸಿ ರೊಟ್ಟಿ ಯಾರ ತಟ್ಟೆಗೆ, ಒಣಗಿದ ಕಟಕು ರೊಟ್ಟಿ ಯಾರ ತಟ್ಟೆಗೆ ಎಂದು ತೀರ್ಮಾನಿಸುವವಳು ನಾನೇ. ತಂತಿ ಸುತ್ತುವ ಕೆಲಸದ ಒಬ್ಬ ಗಂಡಸು ಇದ್ದ, ನಡುವಯಸ್ಸಿನವ, ತಿನ್ನುವುದರಲ್ಲಿ ಬಲು ಆಸೆ. ಅವನಿಗೆ ನೇರವಾಗಿಯೇ ಹೇಳಿದೆ.

“ಊಟದ ಹೊತ್ತಿನ್ಯಾಗ ಮಷೀನ್ ಖಾಲಿ ನಿಂತಿರ್ತಾವ. ನಮ್ಮ ಹುಡುಗಿಗಿ ಒಂದು ಕೆಟ್ಟ ಮೋಟಾರ್ ಬಿಚ್ಚಾಕ ಕೊಡು. ನಿಂಗ ತವಾದ ಮ್ಯಾಲಿಂದ ನೇರ ರೊಟ್ಟಿ, ಮ್ಯಾಲ ಪುಂಡಿ ಪಲ್ಲೆ.”

“ಸುಪರ್‌ವೈಸರ್ ನೋಡಿದ್ರ ಆಯಿ?”

“ನೋಡ್ಲಿ. ನಿಂಗ ಕಟಕು ರೊಟ್ಟಿ ಬೇಕಾದ್ರ ಅಂವನ್ನ ಕೇಳಕೋತ ಕೂಡು.”

ಅವನು ನಕ್ಕ, ಮೋಟಾರು ಕೊಟ್ಟ. ಹೀಗೆ ನನ್ನ ಮೊಮ್ಮಗಳು ತನ್ನ ಊಟ ಬಿಟ್ಟು, ಬೇರೆಯವರು ಉಣ್ಣುವ ಹೊತ್ತಿನಲ್ಲಿ, ಕದ್ದು ಕಲಿತಳು. ಹಕ್ಕಿನಿಂದ ಸಿಗಬೇಕಾದ್ದನ್ನು ರೊಟ್ಟಿ ಕೊಟ್ಟು ಕೊಳ್ಳಬೇಕಾಯಿತು. ಜಾಣತನ ಮಾಡಿದೆ ಎಂದು ನನಗೆ ಹೆಮ್ಮೆಯೇನಿಲ್ಲ.

ಕಾಲೇಜಿನ ಸರ್ ಬರುವ ದಿನ ಗೊತ್ತಾದಾಗ ಅಡುಗೆಮನೆಯಲ್ಲಿ ಎಲ್ಲರೂ ನಕ್ಕರು. ಎಳ್ಳಮಾವಾಸ್ಯೆ. ಸರ್ ಮೈಸೂರಿನ ಕಡೆಯವರು, ಪಾಪ, ನಮ್ಮ ಕಡೆ ಆ ದಿನ ಯಾವನೂ ಊರಲ್ಲಿ ಇರುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲ. ಕಾಳು, ಸೊಪ್ಪು ಬೇಯಿಸಿದ ಭಜ್ಜಿ, ಅಂಬಲಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಮೊದಲು ಭೂಮಿಗೆ ಉಣಿಸಿ ಆಮೇಲೆ ತಾವು ಉಣ್ಣುತ್ತಾರೆ. ಬರಗಾಲವಾದರೂ ಅಷ್ಟೇ, ಬಿರುಕು ಬಿಟ್ಟ ಹೊಲದಲ್ಲೇ ಕೂತು ಉಣ್ಣುತ್ತಾರೆ. ಮಾಲಕ ರಜೆ ಕೊಡಲಿಲ್ಲ. ಯಾರೂ ಕೇಳಿರಲೂ ಇಲ್ಲ. ಅವತ್ತು ಮುಂಜಾನೆ ಕಾರ್ಖಾನೆ ಬಿಕೋ ಎನ್ನುತ್ತಿತ್ತು. ತಂತಿ ಸುತ್ತುವವನಿಲ್ಲ, ಆ ಇಬ್ಬರು ಹುಡುಗರಿಲ್ಲ, ಟ್ಯಾಂಕರಿನವನೂ ಇಲ್ಲ. ಹುಡುಗರು ಕಾಲೇಜಿನ ಆಫೀಸಿನಲ್ಲಿ ಏನೋ ನೆಪ ಹೇಳಿ ಬೇರೆ ದಿನ ಕೇಳಿ ಪಡೆದಿದ್ದರು. ನಮ್ಮವಳು ಕೇಳಲಿಲ್ಲ. ನಮ್ಮ ಹೊಲಕ್ಕೆ ಹೋಗುವವರು ಯಾರಿದ್ದರು?

ಸುಪರ್‌ವೈಸರ್ ಮಾತ್ರ ಮಾಲಕನ ಅಂಜಿಕೆಗೆ ಬಂದಿದ್ದ. ಹೆಂಡತಿ ಮಕ್ಕಳು ಹೊಲದಲ್ಲಿ ಇವನಿಗಾಗಿ ಕಾಯುತ್ತಿದ್ದರು. ಮೋರೆ ಗಂಟಿಕ್ಕಿಕೊಂಡೇ ಇತ್ತು.

ಸರ್ ಬಂದರು, ಸುತ್ತ ನೋಡಿದರು. “ಏನ್ರೀ ಇದು, ಮುಷ್ಕರವೇ?” ಎಂದು ಕೇಳಿದರು. ಸುಪರ್‌ವೈಸರ್ ಹಬ್ಬದ ಮಾತು ಹೇಳಿ, ಕೂಡಲೇ ಸೇರಿಸಿದ: “ಈ ಹುಡುಗಿ ಭಾಳ ಛಲೋ ಇದ್ದಾಳ್ರಿ ಸರ್. ಹೆಣ್ಣಮಗಳು ಅಂತ ನಾವು ಹಗುರ ಕೆಲಸಾ ಕೊಟ್ಟೀವಿ. ಸಹಿ ಮಾಡಿ ಬಿಡ್ರಿ, ಮೋಟಾರ್ ಗೀಟಾರ್ ಎಲ್ಲಾ ಯಾಕ.”

ನಾನು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ. ಕೈಯಲ್ಲಿ ಇಕ್ಕಳ ಇತ್ತು. ಅದನ್ನು ಬೀಸದೆ ಹಿಡಿದುಕೊಂಡದ್ದೇ ದೊಡ್ಡದು.

ಸರ್ ಹುಡುಗಿಯ ಕಡೆ ತಿರುಗಿದರು. “ನಿನಗೆ ಬರುತ್ತಾ, ಬರಲ್ವಾ?”

“ಬರ್ತದ್ರಿ ಸರ್.”

“ಹಾಗಾದ್ರೆ ಮಾಡು.”

ಅವಳು ಮಾಡಿದಳು. ಒಂದೊಂದೇ ಭಾಗ ಒರೆಸಿ, ಕೂರಿಸಿ, ಬಿಗಿದು. ಸುಪರ್‌ವೈಸರ್ ಮೊದಲು ಗಡಿಯಾರ ನೋಡುತ್ತಿದ್ದವನು ಆಮೇಲೆ ಅವಳ ಕೈ ನೋಡತೊಡಗಿದ. ಇಷ್ಟು ದಿನ ಅದೇ ಕೈಯಿಂದ ಚಹಾ ಕುಡಿದಿದ್ದ, ನೋಡಿರಲಿಲ್ಲ.

ಜೋಡಿಸಿ ಆಯಿತು. ಓಡಿಸುವುದೊಂದು ಉಳಿಯಿತು. ಅಲ್ಲಿ ಅವಳು ನಿಂತುಬಿಟ್ಟಳು. ಆ ಮೋಟಾರಿನ ಒಳಗೆ ಮೊದಲು ಶುದ್ಧ ನೀರು ತುಂಬಬೇಕು, ಆಮೇಲೆ ತೊಟ್ಟಿಯಲ್ಲಿ ಮುಳುಗಿಸಿ ಓಡಿಸಬೇಕು. ನೀರಿಲ್ಲದೆ ಓಡಿಸಿದರೆ ಒಳಗೆ ಸುಟ್ಟುಹೋಗುತ್ತದೆ. ತೊಟ್ಟಿಯಲ್ಲಿ ಮುಳುಗಿಸುವಷ್ಟು ನೀರಿತ್ತು, ಆದರೆ ಅದು ಕೆಸರು.

“ಒಣಗೇ ತಿರುಗಸ್ ಒಂದ್ ಮಿನಿಟ್,” ಸುಪರ್‌ವೈಸರ್ ಅಂದ. “ಸರ್ ಆವಾಜ್ ಕೇಳಲಿ, ಮುಗೀತು. ಜಲ್ದಿ ಮಾಡ. ನಮ್ಮ ಮಂದಿ ಹೊಲದಾಗ ಉಪಾಸ ಕುಂತಾರ.”

“ಬ್ಯಾಡ್ರಿ. ಸುಡ್ತದ.”

“ಸುಟ್ರ ಕಾರ್ಖಾನಿದು ಸುಡ್ತದ. ನಿಂದೇನ್ ಹೋಗ್ತದ?”

“ನಾ ಜೋಡಿಸಿದ್ದು ಅದ್ರಿ ಅದು.”

ಅವಳು ಕಿಟಕಿಗೆ ಬಂದಳು. ಕೈಯೆಲ್ಲ ಗ್ರೀಸು. “ಆಯಿ, ಕುಡಿಯೋ ನೀರು ಎಷ್ಟ್ ಅದ?”

ಒಂದು ಕೊಡ ಇತ್ತು. ಚಹಾಕ್ಕೆಂದು ಮುಚ್ಚಿಟ್ಟದ್ದು. ಇನ್ನೊಂದು ಹನಿ ಆ ಅಂಗಳದಲ್ಲಿ ಎಲ್ಲೂ ಇರಲಿಲ್ಲ. ನೀರು ಕೊಡುವಾಗ ಜೀವ ಹಿಡಿದುಕೊಂಡು ಕೊಡುವ ಕಾಲ ಅದು. ನಾನು ಕೊಡ ಎತ್ತಿ ಅವಳ ಸೊಂಟಕ್ಕೆ ಇಟ್ಟೆ.

“ಸೋಸಿ ಹಾಕು,” ಎಂದು ನನ್ನ ಸೆರಗಿನ ತುದಿ ಹಿಡಿದು ನಾನೂ ಹೋದೆ. ಬಟ್ಟೆಯಲ್ಲಿ ಸೋಸಿ ನಿಧಾನ ಹೊಯ್ದೆವು. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಬಂತು. ಉಳಿದ ನೀರನ್ನೂ ಅವಳು ಬಿಡಲಿಲ್ಲ, ಪರೀಕ್ಷೆಗೆಂದು ಇಟ್ಟಿದ್ದ ಕೆಸರು ಹಿಡಿದ ಪಂಪು ತೊಳೆದು ಮೋಟಾರಿಗೆ ಕೂಡಿಸಿದಳು. ಆಮೇಲೆ ತೊಟ್ಟಿಗೆ ಇಳಿಸಿ ಗುಂಡಿ ಒತ್ತಿದಳು.

ಓಡಿತು. ಕೊಳವೆಯಿಂದ ಕಂದು ನೀರು ದಪ್ಪಗೆ ಚಿಮ್ಮಿ ಮತ್ತೆ ಅದೇ ತೊಟ್ಟಿಗೆ ಬಿತ್ತು. ಸರ್ ಮೀಟರು ನೋಡಿದರು, ಕಿವಿ ಕೊಟ್ಟು ಕೇಳಿದರು, ಸಹಿ ಮಾಡಿದರು. ಹುಡುಗಿ ಗೋಡೆಗೆ ಒರಗಿ ನಿಂತಳು.

ಆಗ ಆ ಮನುಷ್ಯ ಏನಂದ ಗೊತ್ತೇ?

“ಛಲೋ ಆತು. ಇನ್ನ ಸರ್‌ಗೆ ಚಾ ತಗೊಂಬಾ ಮಗಳ.”

ಗ್ರೀಸು ಹತ್ತಿದ ಕೈ ಒರೆಸಿಕೊಳ್ಳುತ್ತ ಅವಳು ಅಡುಗೆಮನೆಯ ಕಡೆ ಹೊರಟೂ ಬಿಟ್ಟಿದ್ದಳು. ಅಭ್ಯಾಸ. ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ.

“ಚಾ ಇಲ್ರಿ,” ಅಂದೆ. “ಚಾದ ನೀರು ಮೋಟಾರಿನ ಹೊಟ್ಟಿಗಿ ಹೋಗ್ಯಾದ. ಬೇಕಾದ್ರ ಅದಕ್ಕ ಕೇಳ್ರಿ.”

ಸರ್ ನಕ್ಕರು. ಅವನು ನಗಲಿಲ್ಲ. ನಾನೂ ನಗಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಓದುವವರಿಗೆ ಸಮಾಧಾನ ಆಗುತ್ತದೆ. ನಿಲ್ಲಿಸುವುದಿಲ್ಲ. ವರ್ಷ ಮುಗಿದಾಗ ಕಾರ್ಖಾನೆಯವರು ಆ ಇಬ್ಬರು ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡರು. ಅವರಲ್ಲಿ ಒಬ್ಬನ ಮೋಟಾರು ಸರ್ ಎದುರು ಮೊದಲ ಸಲ ಓಡಿರಲೇ ಇಲ್ಲ, ಎರಡನೇ ಸಲಕ್ಕೆ ಓಡಿತ್ತು. ನಮ್ಮವಳಿಗೆ, “ಹೆಣ್ಣಮಕ್ಕಳಿಗಿ ಮಷೀನ್ ಶಾಪಿನ್ಯಾಗ ಜಾಗಾ ಇಲ್ಲ, ಆಫೀಸಿನ್ಯಾಗ ಖಾಲಿ ಆದ್ರ ನೋಡಮು” ಅಂದರು. ಆಫೀಸಿನಲ್ಲಿ ಏನು ಕೆಲಸ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಅವಳು ಬಿಟ್ಟ ದಿನವೇ ನಾನೂ ಬಿಟ್ಟೆ. ಸುಪರ್‌ವೈಸರ್ ಗೇಟಿನ ತನಕ ಹಿಂದೆ ಬಂದ.

“ಹಿಂಗ ಏಕದಂ ಹೋದ್ರ ಹ್ಯಾಂಗ ಆಯಿ? ನಾಳಿ ಚಾ ಯಾರ್ ಮಾಡ್ಬೇಕು, ಯಾರ್ ತರಬೇಕು?”

“ಆ ಇಬ್ಬರು ಹುಡುಗುರ್ ಇದ್ದಾರ ಅಲ್ರಿ. ಅದೇ ಕಾಲೇಜಿನ್ಯಾಗ ಅದೇ ಓದು ಓದ್ಯಾರ. ಅವ್ರಿಗಿ ಹೇಳ್ರಿ.”

ಅವನು ಗೇಟಿನಲ್ಲೇ ನಿಂತ. ನಾವು ಭಾಲ್ಕಿಯ ಬಸ್ಸು ಹತ್ತಿದೆವು. ಅಲ್ಲಿ ಮೋಟಾರು ರಿಪೇರಿ ಅಂಗಡಿಯವನೊಬ್ಬ ಅವಳ ಕೈಗೆ ನಟ್ಟು ಬಿಗಿಯುವ ಪಾನಾ ಕೊಡಲು ಒಪ್ಪಿದ್ದ. ಅಲ್ಲಿ ಚಹಾ ಎದುರಿನ ಹೋಟೆಲಿನಿಂದ ಬರುತ್ತದೆ.