ಲೋಕಲ್ ಹಾರ್ನ್

ಬ್ರೇಕ್ ಕೈಕೊಡಬಹುದಿತ್ತು, ಕ್ಲಚ್ ಸುಟ್ಟುಹೋಗಬಹುದಿತ್ತು, ಫ್ಯಾನ್ ಬೆಲ್ಟ್ ಹರಿದು ಇಂಜಿನ್ ಕುದಿಯಬಹುದಿತ್ತು, ಹಿಂದಿನ ಸೀಟಿನಲ್ಲಿ ಅವ್ವ ಹೋಗಿಯೇಬಿಡಬಹುದಿತ್ತು. ಡಾಕ್ಟರು ಕೈಚೆಲ್ಲಿದ ಮೇಲೆ ಅವಳು ಕೇಳಿದ್ದು ಒಂದೇ: ಮೊಳಕಾಲ್ಮೂರು ಕಡೆಯ ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ಕಡೆಯದಾಗಿ ಕೈಮುಗಿಯಬೇಕು. ತೀರಿಹೋದ ಅಪ್ಪ ಇದೇ ಕಾರನ್ನು ಬೆಟ್ಟದ ಬುಡದಲ್ಲಿ ನಿಲ್ಲಿಸಿ ಮೂರು ಸಲ ಹಾರ್ನ್ ಹೊಡೆಯುತ್ತಿದ್ದ. ಕಣ್ಣು ಕಾಣದ ಅವ್ವ ಆ ಸದ್ದಿಗೇ ಕೈಮುಗಿಯುತ್ತಿದ್ದಳು.

ಹೆದರುಪುಕ್ಕಲನಾದ ನಾನು ಚಳ್ಳಕೆರೆಯ ಗ್ಯಾರೇಜಿನಲ್ಲಿ ಈ ಹಳೇ ಕಾರಿಗೆ ಎಲ್ಲವನ್ನೂ ಕಂಪನಿಯದ್ದೇ ಹಾಕಿಸಿದೆ. ಕೆಟ್ಟಿದ್ದ ಹಾರ್ನ್ ಒಂದಕ್ಕೆ ಮಾತ್ರ ಮೇಸ್ತ್ರಿ, “ಒರಿಜಿನಲ್ ಬರಾಕೆ ಹದಿನೈದು ದಿನ ಆಗ್ತೈತೆ. ಲೋಕಲ್ ಹಾಕ್ತೀನಿ ಬಿಡ್ರಿ, ಹಾರ್ನಿಂದ ಯಾರೂ ಸಾಯಲ್ಲ” ಎಂದ. ಅವ್ವನಿಗೆ ಅಷ್ಟು ದಿನ ಇರಲಿಲ್ಲ; ಒಪ್ಪಿದೆ.

ದಾರಿಯುದ್ದಕ್ಕೂ ಬ್ರೇಕಿನ ಮೇಲೇ ಜೀವ ಇಟ್ಟುಕೊಂಡು ಹೋದೆ. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಬೆಟ್ಟದ ಬುಡದಲ್ಲಿ ನಿಲ್ಲಿಸಿ ಮೂರು ಸಲ ಹಾರ್ನ್ ಒತ್ತಿದೆ. ಕೀಂ, ಕೀಂ, ಕೀಂ.

ಅವ್ವನ ಕೈ ಮಡಿಲಿನಿಂದ ಏಳಲಿಲ್ಲ.

“ಬೆಟ್ಟ ಬಂತವ್ವ” ಎಂದೆ.

“ನನ್ನ ಸಮಾಧಾನಕ್ಕೆ ಹೇಳಬ್ಯಾಡ. ಯಾವ್ದೋ ಸ್ಕೂಟ್ರು ಹಿಂದೆ ಬಡ್ಕೊಂತೈತೆ, ದಾರಿ ಬಿಡಪ್ಪ” ಎಂದಳು.